ಬೆನ್ನು ಬಗ್ಗಿಸಿ ಹಿಡಿಯುವವಳು

ಬೆನ್ನಿಗೆ ಸೂಜಿ ಹಾಕಬೇಕಾದರೆ ಮನುಷ್ಯರನ್ನು ಮೊದಲು ಬಗ್ಗಿಸಬೇಕು. ಮೇಜಿನ ಅಂಚಿಗೆ ಕೂರಿಸಬೇಕು. ಗದ್ದ ಎದೆಗೆ ತಾಗುವ ಹಾಗೆ ಕತ್ತು ಒತ್ತಬೇಕು. ಎರಡೂ ಭುಜ ಮುಂದಕ್ಕೆ ಎಳೆದು ಅಲುಗಾಡದಂತೆ ಹಿಡಿಯಬೇಕು. ಆಗ ಬೆನ್ನಿನ ಗಂಟುಗಳ ನಡುವೆ ಸಂದು ಬಿಡುತ್ತದೆ. ಸೂಜಿ ಆ ಸಂದಿನಲ್ಲಿ ಹೋಗುತ್ತದೆ. ಸೊಂಟದ ಕೆಳಗೆ ಮೈ ಇಲ್ಲದ ಹಾಗೆ ಆಗುತ್ತದೆ. ಆಮೇಲೆ ಕೊಯ್ಯುವವರು ಬಂದು ಕೊಯ್ಯುತ್ತಾರೆ. ಕೊಯ್ದವರ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಹಿಡಿದವಳು ಯಾರೆಂದು ಯಾರೂ ಕೇಳುವುದಿಲ್ಲ.

ಶಿರಸಿಯ ಒಂದು ಮೂರಂತಸ್ತಿನ ಖಾಸಗಿ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷಗಳಿಂದ ಹೀಗೆ ಹಿಡಿಯುತ್ತ ಬಂದವಳು ಮಂಜಿ. ಸಿದ್ದಾಪುರದ ಕಡೆಯ ಹೆಂಗಸು. ಗಂಡ ಸತ್ತ ವರ್ಷ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಂದು ಸೇರಿದ್ದಳು. ಸಂಬಳದ ಪಟ್ಟಿಯಲ್ಲಿ ಅವಳು ಆಯಾ. ರಕ್ತದ ಬಟ್ಟೆ ಒಗೆಯಬೇಕು, ಮಲದ ಪಾತ್ರೆ ತೊಳೆಯಬೇಕು, ಮೂರಂತಸ್ತಿನ ಮೆಟ್ಟಿಲು ಒರೆಸಬೇಕು. ಮೇಲಿನಿಂದ ಗಂಟೆ ಬಾರಿಸಿದರೆ ಕೈ ಉಜ್ಜಿ ತೊಳೆದು, ಹಸಿರು ಅಂಗಿ ತೊಟ್ಟು, ಓಡಿಹೋಗಿ ಹಿಡಿಯಬೇಕು. ಹಿಡಿದು ಮುಗಿದ ಮೇಲೆ ಮತ್ತೆ ಮೆಟ್ಟಿಲು. ಆಪರೇಷನ್ ಮುಗಿಸಿದವರು ಒಳಗಿನ ಕೋಣೆಯಲ್ಲಿ ಕೂತು ಚಹಾ ಕುಡಿಯುವಾಗ ಅವಳ ಲೋಟ ಹೊರಗೆ, ಕಸಬರಿಗೆ ಇಡುವ ಗೂಡಿನಲ್ಲಿ ಇರುತ್ತಿತ್ತು. ಯಾರು ಅಲ್ಲಿ ಇಟ್ಟರು, ಯಾವಾಗ ಇಟ್ಟರು ಎಂದು ಅವಳೂ ಕೇಳಲಿಲ್ಲ.

ಹಿಡಿಯುವುದು ಸುಲಭದ ಕೆಲಸವಲ್ಲ. ಹೆದರಿದ ಮನುಷ್ಯನ ಬಲ ಬೇರೆಯೇ ಇರುತ್ತದೆ. ಬಸುರಿಯರು ಅವಳ ಭುಜ ಕಚ್ಚಿದ್ದಾರೆ. ಕುಡುಕರು ಗುದ್ದಿದ್ದಾರೆ. ಮುದುಕರು ಅವಳ ಕಾಲ ಮೇಲೆ ಉಚ್ಚೆ ಹೊಯ್ದಿದ್ದಾರೆ. ಬಲಗಡೆಯ ಭುಜ ಇಳಿದುಹೋಗಿ ಈಗ ತಲೆಯ ಮೇಲೆ ಕೊಡ ಎತ್ತಲು ಆಗುವುದಿಲ್ಲ. ಆದರೂ ಅವಳು ಹಿಡಿದರೆ ಬೆನ್ನು ಕಲ್ಲಿನಂತೆ ನಿಲ್ಲುತ್ತಿತ್ತು. ಅರವಳಿಕೆ ಕೊಡುವ ಡಾಕ್ಟರ್ ಶಾಂತಾರಾಮ ಒಮ್ಮೆ ಎಲ್ಲರೆದುರು ಹೇಳಿದ್ದರು, "ಮಂಜಿ ಹಿಡಿದ್ರೆ ನಂಗೆ ಒಂದೇ ಚುಚ್ಚು ಸಾಕು." ಆ ಮಾತನ್ನು ಮಂಜಿ ಎಷ್ಟೋ ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡು ಖುಷಿಪಟ್ಟಳು. ಅಷ್ಟಕ್ಕೇ ಖುಷಿಪಡುವವರು ಸಿಕ್ಕಿದರೆ ಆಸ್ಪತ್ರೆ ನಡೆಸುವುದು ಸಲೀಸು.

ಶಾಂತಾರಾಮ ನಿಜವಾದ ಡಾಕ್ಟರು. ಓದಿದವರು. ಅವರ ಸರ್ಟಿಫಿಕೇಟಿನ ಪ್ರತಿಯನ್ನು ಚೌಕಟ್ಟು ಹಾಕಿ ಕೆಳಗಿನ ಕೌಂಟರಿನ ಹಿಂದೆ ತೂಗುಹಾಕಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಮೂರು ಊರಿನ ಖಾಸಗಿ ಆಸ್ಪತ್ರೆಗಳಿಗೂ ಅವರೇ ಕಾರಿನಲ್ಲಿ ಓಡಾಡುತ್ತಿದ್ದರು. ಕೈಯಲ್ಲಿ ನಗದು ಇದ್ದವರ ಆಪರೇಷನ್ ಇದ್ದ ದಿನ ಅವರ ಬಿಳಿ ಕಾರು ಅಂಗಳದಲ್ಲಿ ನಿಲ್ಲುತ್ತಿತ್ತು. ಸರಕಾರದ ಆರೋಗ್ಯ ಕಾರ್ಡು ತಂದವರ ಆಪರೇಷನ್ ಇದ್ದ ದಿನ ಕಾರು ಬರುತ್ತಿರಲಿಲ್ಲ. ಅಂದು ವಿನೋದ ಸೂಜಿ ಹಿಡಿಯುತ್ತಿದ್ದ.

ವಿನೋದ ಯಾರು? ಡಾಕ್ಟರಲ್ಲ. ಗಾಳಿಯ ಸಿಲಿಂಡರ್ ತೆರೆಯುವುದು, ಔಷಧಿ ಎಳೆದು ಕೊಡುವುದು ಅವನ ಕೆಲಸ. ಅದಕ್ಕೆಂದು ಒಂದು ಕೋರ್ಸಿಗೆ ಸೇರಿದ್ದ, ಅದನ್ನೂ ಅರ್ಧಕ್ಕೆ ಬಿಟ್ಟಿದ್ದ. ಶಾಂತಾರಾಮರ ಪಕ್ಕದಲ್ಲಿ ನಿಂತು ನೋಡಿ ನೋಡಿ ಕಲಿತ. ಮಂಜಿ ಹಿಡಿದಿದ್ದಳಲ್ಲ, ಬೆನ್ನು ಅಲ್ಲಾಡುತ್ತಿರಲಿಲ್ಲ. ಹೆಚ್ಚಿನ ಸಲ ಸೂಜಿ ಸರಿಯಾದ ಜಾಗಕ್ಕೇ ಹೋಯಿತು. ಕಾಗದದಲ್ಲಿ ಮಾತ್ರ ಪ್ರತಿ ಸಲವೂ ಶಾಂತಾರಾಮರ ಸೀಲು ಬಿತ್ತು. ಆಸ್ಪತ್ರೆಯ ಧಣಿಯೂ ಕೊಯ್ಯುವವರೂ ಆದ ದೊಡ್ಡ ಡಾಕ್ಟರಿಗೆ ಅದು ಗೊತ್ತಿತ್ತು. ಶಾಂತಾರಾಮರಿಗೆ ಗೊತ್ತಿತ್ತು. ಮಂಜಿಗೂ ಗೊತ್ತಿತ್ತು.

ಹಿಂದಿನ ವರ್ಷ ಬನವಾಸಿ ಕಡೆಯಿಂದ ನೀಲಗಂಗವ್ವ ಎಂಬವಳು ಬಂದಿದ್ದಳು. ಶುಂಠಿ ಹೊಲದಲ್ಲಿ ಕೂಲಿ. ನಲವತ್ತು ದಾಟಿರಲಿಲ್ಲ. ಹೊಟ್ಟೆನೋವು ಅಂದದ್ದಕ್ಕೆ ಗರ್ಭಕೋಶ ತೆಗೆಯಬೇಕು ಅಂದರು. ಕಾರ್ಡು ಇತ್ತು. ಅವತ್ತು ವಿನೋದ ಏಳು ಸಲ ಚುಚ್ಚಿದ. ನಾಲ್ಕನೆಯ ಚುಚ್ಚಿಗೆ ಅವಳು, "ಕಾಲಾಗ ಮಿಂಚ ಹೊಡದಂಗ ಆಗ್ತೈತ್ರಿ, ಬಿಡ್ರಿ" ಅಂದಳು. ಮಂಜಿ ಬಿಡಲಿಲ್ಲ. ಕತ್ತು ಇನ್ನೂ ಒತ್ತಿ, "ಸ್ವಲ್ಪ ತಡ್ಕೊ ಮಾರಾಯ್ತಿ, ಈಗ ಆಯ್ತು" ಅಂದಳು. ಸಂಜೆ ಬರಬೇಕಾದ ಕಾಲು ಮರುದಿನವೂ ಬರಲಿಲ್ಲ. ಎಡಗಾಲು ಮತ್ತೆಂದೂ ಬರಲಿಲ್ಲ. ಗಂಡ ಸಂಗಯ್ಯ ಮೆಟ್ಟಿಲ ಬುಡದಲ್ಲಿ ಮಂಜಿಯನ್ನು ಹಿಡಿದು ನಿಲ್ಲಿಸಿದ.

"ಯಕ್ಕಾ, ಸೂಜಿ ಹಾಕಿದವ್ರು ಯಾರ್ರಿ? ನೀವು ಒಳಗಿದ್ರಿ. ಖರೇ ಹೇಳ್ರಿ."

"ಡಾಕ್ಟ್ರೇ ಹಾಕಿದ್ದು," ಎಂದಳು ಮಂಜಿ.

ಹಾಗೆ ಹೇಳಬೇಕು ಎಂದು ದೊಡ್ಡ ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಸಂಗಯ್ಯ ಅವಳಿಗೆ ಕೈ ಮುಗಿದು ಹೋದ. ಮಂಜಿ ಮೆಟ್ಟಿಲು ಒರೆಸಿದಳು. ಆ ತಿಂಗಳು ಅವಳ ಸಂಬಳದಲ್ಲಿ ಯಾವ ರಜೆಯೂ ಕಡಿತವಾಗಲಿಲ್ಲ.

ಈ ವರ್ಷ ಕಾಲು ಮುರಿದದ್ದು ಮಮತಾಳದ್ದು. ಮಂಜಿಯ ಒಬ್ಬಳೇ ಮಗಳು, ಇಪ್ಪತ್ತೊಂದು ವರ್ಷ. ಹತ್ತನೆಯ ತರಗತಿ ಪಾಸಾಗಿ, ಮುಂದೆ ಓದಿಸಲು ಆಗದೆ ಅನಾನಸ್ ಕೊಯ್ಯುವ ಗುಂಪಿಗೆ ಸೇರಿದ್ದಳು. ಮುಳ್ಳು ತಾಗದಿರಲಿ ಎಂದು ಕೈಗೆ ಹಳೆಯ ಸಾಕ್ಸು ಹಾಕಿಕೊಂಡು ಕೊಯ್ಯುವ ಕೆಲಸ. ಹೆಂಗಸರನ್ನು ಹಣ್ಣಿನ ರಾಶಿಯ ಮೇಲೆಯೇ ಕೂರಿಸಿಕೊಂಡು ಪಿಕಪ್ ಗಾಡಿ ವಾಪಸು ಬರುತ್ತಿತ್ತು. ತಿರುವಿನಲ್ಲಿ ಮಗುಚಿತು. ಹಣ್ಣಿನ ಧಣಿ ಬಂದವನು ಮೊದಲು ಹಣ್ಣು ಎತ್ತಿಸಿದ. ಮಮತಾಳ ಬಲಗಾಲಿನ ಮೊಳಕಾಲ ಕೆಳಗಿನ ಎಲುಬು ಎರಡು ತುಂಡಾಗಿತ್ತು.

ಮೊದಲು ಸೇರಿಸಿದ ಸರಕಾರಿ ಆಸ್ಪತ್ರೆಯಲ್ಲಿ ಅರ್ಧ ಸಿಮೆಂಟು ಕಟ್ಟಿ ಹೇಳಿದರು. ಪ್ಲೇಟು ಹಾಕಬೇಕು, ಎಲುಬಿನ ಡಾಕ್ಟರಿದ್ದಾರೆ, ಅರವಳಿಕೆಯವರು ಇಲ್ಲ. ಅರವಳಿಕೆಯವರು ಬರಲು ಹನ್ನೆರಡು ದಿನ. ಅಷ್ಟು ಕಾದರೆ ಎಲುಬು ಎಲ್ಲೆಲ್ಲೋ ಕೂಡಿಬಿಡುತ್ತದೆ. ಕಾರ್ಡು ನಡೆಯುವ ಬೇರೆ ಆಸ್ಪತ್ರೆಗೆ ಹೋಗಲು ಚೀಟಿ ಬರೆದುಕೊಟ್ಟರು. ಮಂಜಿ ಸಿದ್ದಾಪುರಕ್ಕೆ ಫೋನು ಮಾಡಿಸಿದಳು. ಅಲ್ಲಿ ಇದ್ದವರು ಗುರುವಾರ ಮಾತ್ರ, ಹೆರಿಗೆಗೆ ಮಾತ್ರ. ಯಲ್ಲಾಪುರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸೋಮವಾರ, ಶುಕ್ರವಾರ ಒಬ್ಬರು ಬರುತ್ತಾರೆ, ಆದರೆ ಐವತ್ತು ಕಿಲೋಮೀಟರು. ಮುರಿದ ಕಾಲಿನವಳನ್ನು ಅಷ್ಟು ದೂರ ಎಳೆದಾಡುವುದು ಯಾಕೆ? ತನ್ನದೇ ಆಸ್ಪತ್ರೆ ಇದೆ. ಹದಿನೆಂಟು ವರ್ಷ ದುಡಿದ ಜಾಗ. ಮಂಜಿ ಮಗಳನ್ನು ಅಲ್ಲಿಗೇ ತಂದಳು.

ಕೌಂಟರಿನಲ್ಲಿ ಕೂರುವ ಚೇತನಾ ಕಾರ್ಡು ತಿಕ್ಕಿ ನೋಡಿದಳು.

"ಕಾರ್ಡ್ ನಡೀತದೆ ಮಂಜಕ್ಕ. ಪ್ಲೇಟು, ಸ್ಕ್ರೂ, ಔಷಧಿ, ಊಟ, ಎಲ್ಲಾ ಅದ್ರಲ್ಲೇ. ಒಂದು ರೂಪಾಯಿ ಕೊಡೂದು ಬೇಡ."

"ಅರವಳಿಕೆಯೂ ಅದ್ರಲ್ಲೇ ಬತ್ತದಾ?"

"ಬರ್ತದೆ."

"ಶಾಂತಾರಾಮ ಡಾಕ್ಟ್ರೇ ಬರೂದಾ?"

ಚೇತನಾ ಕಂಪ್ಯೂಟರನ್ನೇ ನೋಡುತ್ತ, "ಹೆಸರು ಅವರದ್ದೇ ಇದೆ" ಅಂದಳು.

ಹೆಸರು ಅವರದ್ದೇ ಇರುತ್ತದೆ, ಅದು ಮಂಜಿಗೆ ಗೊತ್ತಿಲ್ಲದ್ದೇನೂ ಅಲ್ಲ. ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ ಶಾಂತಾರಾಮರಿಗೇ ಫೋನು ಹಚ್ಚಿದಳು. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

"ನಾನು ಮಂಜಿ ಮಾತಾಡೂದು. ಮಗಳ ಕಾಲು ಮುರಿದೋಯ್ತು. ಗುರುವಾರ ಆಪರೇಷನ್. ನೀವು ಬರ್ಬೇಕು."

"ಅಯ್ಯೋ, ಎಂತ ಆಯ್ತು ಮಂಜಿ. ಕ್ಯಾಶಾ ಕಾರ್ಡಾ?"

"ಕಾರ್ಡು."

ಆ ಕಡೆ ಕಾರಿನ ಸದ್ದು.

"ಕಾರ್ಡ್ ನಡೆಯೂದು ಆಸ್ಪತ್ರೆಗೆ. ನನಗೆ ಅದು ನಡೆಯೂದಿಲ್ಲ. ಆ ದುಡ್ಡು ನನ್ನ ಕೈಗೆ ಬರ್ಲಿಕ್ಕೆ ವರ್ಷ ಬೇಕು. ನಾನು ಕಾರ್ಡ್ ಕೇಸಿಗೆ ಬರೂದು ಬಿಟ್ಟೇ ಬಿಟ್ಟೆ, ನಿಂಗೊತ್ತುಂಟಲ್ಲ."

"ನಾನು ಕೊಡ್ತೆ. ಸಂಬಳದಲ್ಲಿ ತಿಂಗಳಾ ಹಿಡಿಸ್ತೆ."

"ಅದು ನಿಮ್ಮ ದೊಡ್ಡ ಡಾಕ್ಟ್ರ ಹತ್ರ ಮಾತಾಡು. ಅವ್ರು ಕರೆದ್ರೆ ನೋಡುವ."

ಮಂಜಿ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಬಾಗಿಲ ಬಳಿ ನಿಂತಳು. ಕೂರು ಎಂದು ಅವರು ಹೇಳಲಿಲ್ಲ, ಅವಳೂ ಕಾಯಲಿಲ್ಲ.

"ಸಂಬಳದಲ್ಲಿ ಕೊಡ್ತೀಯಾ?" ಎಂದರು ಅವರು. ನಗುತ್ತಲೇ. "ಕಾರ್ಡಿನವರ ಹತ್ರ ಹೊರಗಿಂದ ಹಣ ಮುಟ್ಟಿದ್ರೆ ಕಾನೂನು ಪ್ರಕಾರ ನಾನು ಜೈಲಿಗೆ ಹೋಗ್ಬೇಕು. ಅಷ್ಟು ಕಾನೂನು ಮುರಿಯೂ ಮನುಷ್ಯ ನಾನಲ್ಲ. ನಿಂಗೆ ಎಂತಕ್ಕೆ ತಲೆಬಿಸಿ? ನೀನು ನಮ್ಮ ಮನೆಯವಳೇ. ಶಾಂತಾರಾಮನ್ನ ನಾನೇ ಕರೀತೆ."

"ಖಂಡಿತಾ ಬರ್ತಾರಾ?"

"ಬರ್ತಾರೆ ಅಂದ್ನಲ್ಲ. ಹೋಗು, ಎರಡನೇ ವಾರ್ಡಲ್ಲಿ ಯಾರೋ ವಾಂತಿ ಮಾಡಿದ್ದಾರೆ."

ನೀಲಗಂಗವ್ವನ ಗಂಡನಿಗೆ ಸುಳ್ಳು ಹೇಳೆಂದವರು ಇವರೇ. ಆ ಬಾಯಿಯ ಮಾತನ್ನು ಮಂಜಿ ನಂಬಿದಳು. ದಡ್ಡಿ ಎಂದು ಬಯ್ಯಬಹುದು. ಹೊರಗಿನವರಿಗೆ ಸುಳ್ಳು ಹೇಳುತ್ತಾರೆ, ಒಳಗಿನವರಿಗೆ ಹೇಳುವುದಿಲ್ಲ ಎಂದು ಅವಳ ಲೆಕ್ಕ. ತಾನು ಒಳಗಿನವಳು ಎಂದುಕೊಂಡದ್ದೇ ಅವಳ ತಪ್ಪು. ಲೋಟ ಕಸಬರಿಗೆಯ ಗೂಡಿನಲ್ಲಿ ಇದ್ದರೂ ಅವಳಿಗೆ ಅದು ಹೊಳೆದಿರಲಿಲ್ಲ.

ಬುಧವಾರ ಮಮತಾ ಮಂಚದ ಮೇಲೆ ಮಲಗಿ ಕೇಳಿದಳು, "ಅಮ್ಮ, ಸೂಜಿ ಹಾಕೂದು ಯಾರು?"

"ಕೆಳಗೆ ಚೌಕಟ್ಟಲ್ಲಿ ಉಂಟಲ್ಲ, ಆ ಸರ್ಟಿಫಿಕೇಟಿನವರು."

"ನೀ ಇರ್ತೆಯಲ್ಲ ಹತ್ರ?"

"ನಾನೇ ಹಿಡಿಯೂದು."

ಮಮತಾಳಿಗೆ ಅಷ್ಟು ಸಾಕಾಯಿತು. ಅವಳು ನಿದ್ದೆ ಹೋದಳು. ಮಂಜಿ ಮಗಳ ಬೆನ್ನಿನ ಮೇಲೆ ಬೆರಳಾಡಿಸಿ ಗಂಟುಗಳನ್ನು ಎಣಿಸಿದಳು. ಎಷ್ಟೋ ಸಾವಿರ ಬೆನ್ನು ನೋಡಿದವಳು. ಇದು ಒಳ್ಳೆಯ ಬೆನ್ನು, ತೆಳ್ಳಗಿದೆ, ಸಂದು ಕಾಣುತ್ತದೆ, ಒಂದೇ ಚುಚ್ಚು ಸಾಕು ಎಂದು ಸಮಾಧಾನ ಮಾಡಿಕೊಂಡಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನಿಂದ ಗಂಟೆ ಬಾರಿಸಿದರು. ಮಂಜಿ ಕೈ ತೊಳೆದು ಹಸಿರು ಅಂಗಿ ತೊಟ್ಟು ಮೇಲೆ ಹೋದಳು. ಮಮತಾಳನ್ನು ಮೇಜಿನ ಅಂಚಿಗೆ ಕೂರಿಸಿದ್ದರು. ಸಿಮೆಂಟಿನ ಕಾಲಿಗೆ ಸ್ಟೂಲು ಕೊಟ್ಟಿದ್ದರು. ಬೆನ್ನು ಬರಿದು. ಆ ಕೋಣೆಯ ತಣ್ಣನೆ ಗಾಳಿಗೆ ಹುಡುಗಿ ನಡುಗುತ್ತಿದ್ದಳು. ವಿನೋದ ಮೂಲೆಯಲ್ಲಿ ಸೂಜಿಯ ಪೊಟ್ಟಣ ಬಿಡಿಸುತ್ತಿದ್ದ. ಅದು ಅವನ ದಿನದ ಕೆಲಸವೇ.

"ಡಾಕ್ಟ್ರು ಬಂದ್ರಾ?" ಎಂದು ಮಂಜಿ ಕೇಳಿದಳು.

"ಬರಾಕತ್ತಾರ," ಎಂದ ವಿನೋದ.

ಅಷ್ಟರಲ್ಲಿ ಚೇತನಾ ಫೋನು ಹಿಡಿದು ಬಂದಳು. ಕಾರ್ಡಿನವರ ಫೋಟೋ ತೆಗೆದು ಸರಕಾರಕ್ಕೆ ಕಳಿಸಬೇಕು, ಮೇಜಿನ ಮೇಲೆ ಇರುವಾಗಿನದ್ದು ಒಂದು, ಮುಗಿದ ಮೇಲೆ ಒಂದು. ಅದು ನಿಯಮ. "ಮಂಜಕ್ಕ, ಒಂದು ಸಲ ಹಿಡ್ಕೊಳ್ಳಿ, ಫೋಟೋಕ್ಕೆ" ಅಂದಳು. ಹದಿನೆಂಟು ವರ್ಷದ ರೂಢಿ, ಕೈ ತಾನಾಗಿ ಹೋಯಿತು. ಮಂಜಿ ಮಗಳ ಕತ್ತು ಒತ್ತಿ ಭುಜ ಎಳೆದು ಹಿಡಿದಳು. ವಿನೋದ ಗವಸು ತೊಟ್ಟ ಕೈ ಎತ್ತಿ ಹಿಂದೆ ನಿಂತ. ಚೇತನಾ ಫೋಟೋ ತೆಗೆದು ಹೋದಳು.

ವಿನೋದ ಬೆನ್ನಿಗೆ ಕಂದು ಔಷಧಿ ಬಳಿದ. ತಣ್ಣಗೆ ತಾಗಿ ಮಮತಾ ಉಸಿರು ಎಳೆದುಕೊಂಡಳು.

"ಡಾಕ್ಟ್ರು ಎಲ್ಲಿ?" ಎಂದಳು ಮಂಜಿ.

"ದಾರ್ಯಾಗ ಅದಾರ. ನೀ ಸರಿ ಹಿಡಿ."

ಮಂಜಿ ಕಿಟಕಿಯ ಕಡೆ ನೋಡಿದಳು. ಅಂಗಳದಲ್ಲಿ ಬಿಳಿ ಕಾರು ಇರಲಿಲ್ಲ. ದೊಡ್ಡ ಡಾಕ್ಟರು ಕೈ ತೊಳೆದು ಒಳಗೆ ಬಂದರು. ಅವರನ್ನೂ ಕೇಳಿದಳು. ಅವರು ಮಾಸ್ಕಿನ ಒಳಗಿಂದ, "ಸಿದ್ದಾಪುರದಲ್ಲಿ ಅರ್ಜೆಂಟ್ ಸಿಸೇರಿಯನ್ ಬಂತು ಅವರಿಗೆ. ವಿನೋದ ಹಾಕ್ತಾನೆ. ಹಿಡಿ" ಅಂದರು.

ವಿನೋದನ ಬೆರಳು ಮಮತಾಳ ಬೆನ್ನಿನ ಗಂಟು ಹುಡುಕುತ್ತಿತ್ತು.

ಮಂಜಿ ಕೈ ಬಿಟ್ಟಳು.

ಬೆನ್ನು ನೆಟ್ಟಗಾಯಿತು. ಸಂದು ಮುಚ್ಚಿತು. ವಿನೋದನ ಸೂಜಿ ಗಾಳಿಯಲ್ಲಿ ನಿಂತಿತು.

"ಎಂತ ಮಾಡ್ತಿದ್ದೆ ಮಂಜಿ? ಹಿಡಿ," ಎಂದರು ದೊಡ್ಡ ಡಾಕ್ಟರು.

"ನಾ ಹಿಡಿಯೂದಿಲ್ಲ."

ಆ ಕೋಣೆಯಲ್ಲಿ ಆ ಮಾತನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ನರ್ಸು ತಟ್ಟೆ ಹಿಡಿದುಕೊಂಡೇ ನಿಂತಳು.

"ಇವನ ಕಾಗದ ತೋರ್ಸಿ," ಎಂದಳು ಮಂಜಿ. "ಸೂಜಿ ಹಾಕ್ಲಿಕ್ಕೆ ಇವಂಗೆ ಯಾರು ಬರೆದುಕೊಟ್ಟಿದ್ದು, ಅದು ತೋರ್ಸಿ. ಕೆಳಗೆ ಗೋಡೆಗೆ ಹಾಕಿದ್ದು ಬೇರೆಯವರದ್ದು. ನಾನೇ ದಿನಾ ಒರೆಸೂದು, ನಂಗೆ ಗೊತ್ತುಂಟು."

ವಿನೋದನ ಮುಖ ಕೆಂಪಾಯಿತು. ಅವನು ಕೂಗಲಿಲ್ಲ. ಮೆಲ್ಲಗೆ ಹೇಳಿದ್ದೇ ಹೆಚ್ಚು ನಾಟಿತು.

"ಮುನ್ನೂರು ಬೆನ್ನಿಗೆ ಹಾಕೀನಿ ನಾ. ಮುನ್ನೂರೂ ನೀನೇ ಹಿಡದಿ. ಅವತ್ತೆಲ್ಲಾ ಕಾಗದ ಕೇಳಲಿಲ್ಲಲ್ಲ?"

ಮಂಜಿ ಮಗಳ ಹೆಗಲಿಗೆ ಅಂಗಿ ಹೊದಿಸಿದಳು.

"ಹದಿನೆಂಟು ವರ್ಷ ನಿಂಗೆ ಅನ್ನ ಹಾಕಿದ್ದೆ," ಎಂದರು ದೊಡ್ಡ ಡಾಕ್ಟರು.

"ಆ ಅನ್ನ ಹೇಲು ಬಾಚಿ ತಿಂದದ್ದು. ನೀವು ಹಾಕಿದ್ದಲ್ಲ."

"ದೇವಕ್ಕನ ಕರೀರಿ. ಅವಳು ಹಿಡೀತಾಳೆ."

ದೇವಕ್ಕ ಇನ್ನೊಬ್ಬ ಆಯಾ, ಹೊಸಬಳು. ಬಂದಳು. ಬಾಗಿಲಲ್ಲಿ ನಿಂತು ಮಂಜಿಯ ಮುಖ ನೋಡಿದಳು. ಒಳಗೆ ಕಾಲಿಡಲೋ ಬೇಡವೋ ತಿಳಿಯದೆ ಸೆರಗು ಹಿಂಡಿದಳು. ಅವಳಿಗೂ ಮನೆಯಲ್ಲಿ ಮೂರು ಹೊಟ್ಟೆ. ಕೊನೆಗೆ ಕಾಲಿಟ್ಟಳು. ಅವಳು ಮೇಜಿನ ಹತ್ತಿರ ಬರುವ ಮೊದಲೇ ಮಂಜಿ ತಿರುಗಿ ಕುಳಿತು ಮಗಳ ಎರಡೂ ಕೈಯನ್ನು ತನ್ನ ಕೊರಳಿಗೆ ಸುತ್ತಿಸಿಕೊಂಡಳು. ಇಳಿದುಹೋದ ಭುಜಕ್ಕೆ ಭಾರ ಬಿದ್ದು ಕಣ್ಣಿಗೆ ಕತ್ತಲೆ ಬಂತು. ಎದ್ದಳು. ಸಿಮೆಂಟಿನ ಕಾಲು ಬಾಗಿಲಿಗೆ ತಾಗಿತು. ಮಮತಾ ಚೀರಿದಳು. ಯಾರೂ ಬಾಗಿಲು ಹಿಡಿಯಲಿಲ್ಲ. ತಾನೇ ಸಾವಿರ ಸಲ ಒರೆಸಿದ ಮೂರಂತಸ್ತಿನ ಮೆಟ್ಟಿಲನ್ನು ಮಂಜಿ ಮಗಳನ್ನು ಹೊತ್ತುಕೊಂಡು ಕುಂಡೆ ಊರುತ್ತ ಊರುತ್ತ ಒಂದೊಂದಾಗಿ ಇಳಿದಳು. ವಾರ್ಡಿನ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಅವರಲ್ಲಿ ಕಾರ್ಡಿನವರೂ ಇದ್ದರು. ಅವರಿಗೆ ಅವಳು ಒಂದು ಮಾತು ಹೇಳಬಹುದಿತ್ತು. ಉಸಿರೇ ಇರಲಿಲ್ಲ.

ಕೆಳಗೆ ಚೇತನಾ ಕಾರ್ಡನ್ನು ಮೇಜಿನ ಮೇಲೆ ನೂಕಿ, "ನಿಮ್ಮ ಇಷ್ಟದಿಂದ ಹೋಗ್ತಾ ಇದ್ದೀರಿ ಅಂತ ಬರೀತೆ" ಅಂದಳು. ಬರೆದದ್ದು ಏನೆಂದು ಓದಿ ಹೇಳಲಿಲ್ಲ.

ಶುಕ್ರವಾರ ಬೆಳಗಿನ ಯಲ್ಲಾಪುರದ ಬಸ್ಸಿನ ಹಿಂದಿನ ಸೀಟಿನಲ್ಲಿ ಮಮತಾಳನ್ನು ಅಡ್ಡ ಮಲಗಿಸಿದರು. ಬಸ್ಸು ಎಗರಿದಾಗೆಲ್ಲ ಎಲುಬಿನ ತುಂಡು ತುಂಡಿಗೆ ತಾಗಿ ಹುಡುಗಿ ದುಪ್ಪಟ್ಟಾ ಕಚ್ಚಿಕೊಳ್ಳುತ್ತಿದ್ದಳು. ಕಂಡಕ್ಟರು ಮೂರು ಸೀಟಿನ ಟಿಕೆಟು ಹರಿದ. ಮಂಜಿ ಕೆಳಗೆ ಕೂತು ಎರಡೂ ಕೈಯಲ್ಲಿ ಆ ಕಾಲನ್ನು ಹಿಡಿದುಕೊಂಡಳು. ಎರಡು ತಾಸು ಹಿಡಿದಳು.

ಟ್ರಸ್ಟ್ ಆಸ್ಪತ್ರೆಯ ಅರವಳಿಕೆ ಡಾಕ್ಟರು ನಮಿತಾ. ಮೂವತ್ತೈದರ ಒಳಗಿನ ಹೆಂಗಸು, ಕೂದಲು ಮೇಲಕ್ಕೆ ಕಟ್ಟಿದ್ದರು. ಮಂಜಿ ಒಳಗೆ ಹೋದವಳೇ ಮೊದಲು ಕೇಳಿದ್ದು, "ಸೂಜಿ ಹಾಕೂದು ನೀವೇ ಹೌದಾ? ಕಾಗದ ಉಂಟಾ?"

ನಮಿತಾ ಸಿಟ್ಟಾಗಲಿಲ್ಲ. ಗೋಡೆ ತೋರಿಸಲಿಲ್ಲ. ಪರ್ಸಿನಿಂದ ಒಂದು ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಫೋಟೋ ಇತ್ತು, ಮುಖವೂ ಅದೇ ಇತ್ತು. "ಇದು ನನ್ನ ನೋಂದಣಿ ನಂಬರ್. ಯಾರು ಬೇಕಾದ್ರೂ ಕೇಳಬಹುದು. ಕೇಳೂದಿಲ್ಲ ಅಷ್ಟೆ," ಎಂದರು. ಮಮತಾ ಗಟ್ಟಿಯಾಗಿ ಹೆಸರು ಓದಿದಳು. ಮಂಜಿಗೆ ಮೂರು ದಿನದಲ್ಲಿ ಮೊದಲ ಸಲ ಬಾಯಿ ಒಣಗಿದೆ ಎಂದು ಗೊತ್ತಾಯಿತು. ನೀರು ಕೇಳಿ ಕುಡಿದಳು.

ನಮಿತಾ ಕಾರ್ಡು ಹಾಕಿ ಪರದೆ ನೋಡಿದರು. ಮತ್ತೆ ನೋಡಿದರು. ಮಮತಾಳ ಕಾಲು ನೋಡಿದರು.

"ಇವಳಿಗೆ ಆಪರೇಷನ್ ಆಗಿದೆ ಅಂತ ಇದೆಯಲ್ಲ. ನಿನ್ನೆ."

"ಆಗ್ಲಿಲ್ಲೆ. ನಾ ಹೊತ್ಕಂಡು ಬಂದೆ."

"ಪ್ಲೇಟ್ ಹಾಕಿದ್ದಾರೆ ಅಂತ ಇದೆ. ಅರವಳಿಕೆ ಕೊಟ್ಟದ್ದು ಹತ್ತು ಇಪ್ಪತ್ತಕ್ಕೆ, ಡಾಕ್ಟರ್ ಶಾಂತಾರಾಮ. ಫೋಟೋ ಕೂಡ ಇದೆ." ಅವರು ಪರದೆಯನ್ನು ಈ ಕಡೆ ತಿರುಗಿಸಿದರು.

ಮೊದಲನೆಯ ಫೋಟೋದಲ್ಲಿ ಮಮತಾ ಮೇಜಿನ ಅಂಚಿನಲ್ಲಿ ಬಗ್ಗಿ ಕೂತಿದ್ದಳು. ಹಿಂದೆ ಹಸಿರು ಅಂಗಿಯ ಗಂಡಸು, ಗವಸಿನ ಕೈ. ಮಾಸ್ಕಿನೊಳಗೆ ಯಾರೂ ಡಾಕ್ಟರೇ. ಎದುರಿಗೆ ಒಬ್ಬ ಹೆಂಗಸು ಹುಡುಗಿಯ ಕತ್ತು ಒತ್ತಿ ಹಿಡಿದಿದ್ದಳು. ಎರಡನೆಯ ಫೋಟೋದಲ್ಲಿ ಬಟ್ಟೆ ಸುತ್ತಿದ ಒಂದು ಕಾಲು. ಅದರ ಬೆರಳಿನಲ್ಲಿ ಕಾಲುಂಗುರ ಇತ್ತು. ಮಮತಾಳಿಗೆ ಮದುವೆಯಾಗಿಲ್ಲ. ಯಾರ ಕಾಲೋ.

"ಈ ಹಿಡಿದೋಳು ಯಾರು?" ಎಂದು ನಮಿತಾ ಕೇಳಿದರು.

"ನಾನು," ಎಂದಳು ಮಂಜಿ.

ತಾನು ಅಲ್ಲಿಯ ಆಯಾ, ಕಾರ್ಡಿನವರಿಗೆ ಸೂಜಿ ಹಾಕುವವನು ವಿನೋದ ಎಂದೂ ಹೇಳಿದಳು. ನಮಿತಾ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಂದೇ ಕಾಲಿಗೆ ಒಂದೇ ಆಪರೇಷನ್ನಿಗೆ ಕಾರ್ಡು ಎರಡು ಸಲ ನಡೆಯುವುದಿಲ್ಲ. ತಾನು ತನ್ನ ಕೆಲಸಕ್ಕೆ ಏನೂ ತೆಗೆದುಕೊಳ್ಳದೆ ಇರಬಹುದು, ಪ್ಲೇಟು ಸ್ಕ್ರೂ ಪುಕ್ಕಟೆ ಬರುವುದಿಲ್ಲ, ಈ ಆಸ್ಪತ್ರೆಯಲ್ಲಿ ಅಷ್ಟು ಇಲ್ಲ. ದೂರು ಕೊಟ್ಟರೆ ಕಾರ್ಡು ಬಿಡುಗಡೆ ಆಗಬಹುದು. ಅದಕ್ಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ಎಲುಬು ಸೊಟ್ಟಗೆ ಕೂಡಿರುತ್ತದೆ. ಇವತ್ತು ಪೂರ್ತಿ ಸಿಮೆಂಟು ಹಾಕಬಹುದು, ಅಷ್ಟೇ.

"ಕುಂಟು ಉಳೀತದಾ?" ಎಂದು ಮಮತಾ ಕೇಳಿದಳು.

"ಉಳೀಬಹುದು," ಎಂದರು ನಮಿತಾ. ಸುಳ್ಳು ಹೇಳಲಿಲ್ಲ.

ಮಮತಾ ಅಳಲಿಲ್ಲ. ಅನಾನಸ್ಸಿನ ಮುಳ್ಳು ಗೀರಿದ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ದೂರು ಬರೀರಿ," ಎಂದಳು ಮಂಜಿ.

"ಬರೀತೆ. ಆದ್ರೆ ಮೊದಲೇ ಹೇಳ್ತೆ, ನಿನ್ನ ಮಗಳದ್ದು ಒಂದೇ ಬರೆದ್ರೆ ಅವರು ಹೇಳ್ತಾರೆ, ಎಲ್ಲೋ ತಪ್ಪಾಯ್ತು, ಬೇರೆಯವರ ಫೋಟೋ ಸೇರಿಹೋಯ್ತು ಅಂತ. ಅವ ಸೂಜಿ ಹಾಕಿದ್ದೆಲ್ಲಾ ಬರೀಬೇಕು. ಹಾಕೂವಾಗ ನೀನು ಹಿಡಿದಿದ್ದೆ ಅಂತಲೂ ಬರೀಬೇಕು. ಕೇಸು ನಿನ್ನ ಮೇಲೂ ಬರ್ತದೆ. ಕೆಲಸ ಹೋಯ್ತು, ಇನ್ನು ಊರಲ್ಲಿ ಯಾವ ಆಸ್ಪತ್ರೆಯೂ ನಿನ್ನ ಒಳಗೆ ಬಿಡೂದಿಲ್ಲ."

"ಬರೀರಿ."

ನಮಿತಾ ಹಾಳೆ ತೆಗೆದರು. ಮಂಜಿ ನಿಂತುಕೊಂಡೇ ಹೇಳತೊಡಗಿದಳು. ಹೆಸರು ಗೊತ್ತಿದ್ದವರನ್ನು ಹೆಸರು ಹಿಡಿದು, ಗೊತ್ತಿಲ್ಲದವರನ್ನು ಊರು ಹಿಡಿದು, ಊರೂ ಗೊತ್ತಿಲ್ಲದವರನ್ನು ಬೆನ್ನು ಹಿಡಿದು ಹೇಳಿದಳು. ಇಡಗುಂದಿಯಿಂದ ಬಂದ ಬಸುರಿ, ಎರಡು ಸಲ ಚುಚ್ಚಿದ್ದು. ಅರಬೈಲಿನಲ್ಲಿ ಲಾರಿಯಿಂದ ಬಿದ್ದ ಕ್ಲೀನರ್, ಮೂರು ಸಲ. ಬೆನ್ನ ಮೇಲೆ ಬರೆ ಎಳೆದ ಗುರುತು ಇದ್ದ ಮುದುಕ. ನಡು ಬೆನ್ನಲ್ಲಿ ಮಚ್ಚೆ ಇದ್ದ ಹುಡುಗಿ, ಆಮೇಲೆ ತಿಂಗಳುಗಟ್ಟಲೆ ತಲೆನೋವು ಅಂತ ಬರುತ್ತಿದ್ದಳು, ಬಾಗಿಲಿಂದಲೇ ಕಳಿಸುತ್ತಿದ್ದರು. ಗೂನು ಬೆನ್ನಿನ ಹೆಂಗಸು, ಸೂಜಿ ಹೋಗಲಿಲ್ಲ, ಬಾಯಿಗೆ ಬಟ್ಟೆ ತುರುಕಿ ಕೊಯ್ದರು. ನೀಲಗಂಗವ್ವ, ಏಳು ಸಲ, ಎಡಗಾಲು ಹೋಯ್ತು. ಗಂಡ ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ. ನಮಿತಾ ಎರಡನೆಯ ಹಾಳೆ ತೆಗೆದರು. ಮೂರನೆಯದು ತೆಗೆದರು. ಮಂಜಿಯ ಸ್ವರ ಏರಲಿಲ್ಲ, ಇಳಿಯಲಿಲ್ಲ. ಅವಳ ಎರಡೂ ಕೈ ಎದೆಯ ಮುಂದೆ ಗಾಳಿಯಲ್ಲಿ ಯಾರದೋ ಕತ್ತು ಹಿಡಿದ ಹಾಗೆ ನಿಂತಿದ್ದವು. ಅದು ಅವಳಿಗೆ ಗೊತ್ತಿರಲಿಲ್ಲ.

ಮಮತಾ ಬೆಂಚಿನ ಮೇಲೆ ಮಲಗಿ ಎಲ್ಲ ಕೇಳುತ್ತಿದ್ದಳು.

"ಅಮ್ಮ."

"ಎಂತ?"

"ಇಷ್ಟೂ ಜನರನ್ನ ಹಿಡಿಯೂವಾಗ ಅವ ಡಾಕ್ಟ್ರಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿನ್ನೆ ಆ ಮೇಜಿನ ಮೇಲೆ ಕೂತದ್ದು ನಾನಲ್ದೆ ಬೇರೆ ಯಾರ ಮಗಳೋ ಆಗಿದ್ರೆ?"

ನಮಿತಾ ಬರೆಯುವುದು ನಿಲ್ಲಿಸಿದರು. ಮಂಜಿ ಮಗಳ ಕಾಲು ನೋಡಿದಳು, ಮುಖ ನೋಡಿದಳು. ಏನಾದರೂ ಬೇರೆ ಹೇಳಬಹುದಿತ್ತು. ಮಮತಾ ಅದಕ್ಕೇ ಕಾಯುತ್ತಿದ್ದಳು.

"ಹಿಡೀತಿದ್ದೆ," ಎಂದಳು ಮಂಜಿ.

ಮಮತಾ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಮಂಜಿ ಅವಳ ಹತ್ತಿರ ಹೋಗಲಿಲ್ಲ. ನಮಿತಾರ ಮೇಜಿಗೆ ಒಂದು ಹೆಜ್ಜೆ ಹತ್ತಿರ ಬಂದು, ಪೆನ್ನು ನಿಂತ ಜಾಗಕ್ಕೆ ಬೆರಳು ಇಟ್ಟಳು.

"ಅದನ್ನೂ ಬರ್ಕೊಳ್ಳಿ," ಎಂದಳು.